ಮಗ್ಗ ನಿಲ್ಲಿಸಿದ ಗಿಟಾರು

ಜಗತ್ತಿನಲ್ಲೇ ಅತಿ ದೊಡ್ಡ ಗಿಟಾರ್ ವಾದಕ ಯಾರು ಎಂಬ ಪ್ರಶ್ನೆಯನ್ನು ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯ ಮೇಲೆ ಮೂವರು ಗಂಡಸರು ವರ್ಷಗಟ್ಟಲೆ ಚರ್ಚಿಸಿದರು. ಆ ಮೂವರಲ್ಲಿ ಒಬ್ಬನಿಗೂ ಗಿಟಾರ್ ಹಿಡಿಯಲು ಬರುತ್ತಿರಲಿಲ್ಲ. ಬರುತ್ತಿದ್ದವನು ನಮ್ಮಣ್ಣ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಮ್ಮದು ನೇಕಾರರ ಬೀದಿ. ಪ್ರತಿ ಮನೆಯ ಹಿಂಭಾಗದಲ್ಲೂ ವಿದ್ಯುತ್ ಮಗ್ಗಗಳು. ಬೆಳಗ್ಗೆ ಶುರುವಾಗಿ ಮಲಗುವವರೆಗೂ ನಿಲ್ಲದ ಖಟಖಟ ಸದ್ದಿನಲ್ಲಿ ನಾವು ಉಪ್ಪು ಕೇಳಬೇಕಾದರೂ ಕೂಗಿಯೇ ಕೇಳಬೇಕು. ಮೊದಲ ಸಲ ಬಂದ ನೆಂಟರು, ಪಾಪ, ಇವರಿಗೆ ಏನೋ ಜಗಳ ಎಂದುಕೊಂಡು ಸುಮ್ಮನೆ ಕೂರುತ್ತಿದ್ದರು. ಮಧ್ಯಾಹ್ನ ಕರೆಂಟ್ ಹೋದರೆ ಮಾತ್ರ ಬೀದಿಗೆ ಬೀದಿಯೇ ನಿಶ್ಶಬ್ದವಾಗಿ, ಗಂಡಸರೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಗೆ ಬರುತ್ತಿದ್ದರು. ನನಗೆ ಆಗಲೂ ಬಿಡುವಿರಲಿಲ್ಲ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ನನ್ನ ಕೈರಾಟೆಗೆ ಕರೆಂಟ್ ಬೇಕಿರಲಿಲ್ಲವಲ್ಲ!

ನಮ್ಮ ಜಗಲಿಗೆ ಬರುತ್ತಿದ್ದ ಮೂವರೂ ಅಣ್ಣನ ಗೆಳೆಯರು. ಒಬ್ಬ ಬೆಂಗಳೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವವನು. ಅವನ ಪ್ರಕಾರ ಗಿಟಾರ್ ಎಂದರೆ ತಲೆತುಂಬ ಗುಂಗುರು ಕೂದಲಿನ ಒಬ್ಬ ಅಮೆರಿಕದವನು. ಇನ್ನೊಬ್ಬ ನೂಲಿಗೆ ಬಣ್ಣ ಹಾಕುವವನು, ಮೊಣಕೈವರೆಗೂ ಯಾವಾಗಲೂ ನೇರಳೆಯೋ ಹಸಿರೋ. ಅವನಿಗೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ರಾಗ ನುಡಿಸುವ ಪಂಡಿತರೇ ಸರ್ವಸ್ವ. ಮೂರನೆಯವನು ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವನು. ಅವನು ಮದ್ರಾಸಿನ ಸಿನಿಮಾ ಹಾಡುಗಳ ಹಿಂದೆ ನುಡಿಸುವ, ಮುಖವನ್ನೇ ಯಾರೂ ನೋಡದ ಒಬ್ಬರ ಪರ.

"ಲೇ, ಅವ್ನು ಹಲ್ಲಲ್ಲಿ ಬಾರಿಸ್ತಾನೆ ಕಣೋ ಗಿಟಾರ್ನ!"

"ಹಲ್ಲಲ್ಲಿ ಕಬ್ಬು ತಿನ್ನೋಕ್ಹೇಳು. ಸಂಗೀತ ಅಂದ್ರೆ ಕೂತ್ಕೊಂಡು ನುಡಿಸ್ಬೇಕು."

"ಇಬ್ರೂ ಸುಮ್ನಿರ್ರಪ್ಪ. ಮದುವೆ ಮನೇಲಿ ನಿಮ್ಮಿಬ್ಬರ ಕ್ಯಾಸೆಟ್ ಹಾಕಿದ್ರೆ ಗಂಡಿನ ಕಡೆಯವ್ರು ಊಟ ಬಿಟ್ಟು ಎದ್ದೋಗ್ತಾರೆ."

ಇವರು ಯಾರಿಗಾಗಿ ಹೊಡೆದಾಡುತ್ತಿದ್ದರೋ ಆ ಮಹಾನುಭಾವರನ್ನು ನಮ್ಮ ಜಗಲಿಯಲ್ಲಿ ಯಾರೂ ಕೇಳಿಯೇ ಇರಲಿಲ್ಲ! ಕ್ಯಾಸೆಟ್ ಇತ್ತು, ಟೇಪ್ ರೆಕಾರ್ಡರ್ ಇತ್ತು. ಕರೆಂಟ್ ಇದ್ದಾಗ ಟೇಪ್ ತಿರುಗುತ್ತಿತ್ತು, ಆದರೆ ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮಗ್ಗ ನಿಂತಾಗ ಕರೆಂಟಿರುತ್ತಿರಲಿಲ್ಲ. ಸೆಲ್ ಹಾಕಿ ಅಂದರೆ, ಅಯ್ಯೋ ಅಷ್ಟು ದುಡ್ಡಾ ಅನ್ನುವರು. ಹೀಗಾಗಿ ಇಡೀ ಚರ್ಚೆ ಕ್ಯಾಸೆಟ್ಟಿನ ರಟ್ಟಿನ ಮೇಲಿದ್ದ ಫೋಟೋಗಳನ್ನು ನೋಡಿಕೊಂಡೇ ನಡೆಯಿತು.

ಅಣ್ಣನ ಗಿಟಾರ್ ಹಳೆಯದು, ಕರೆಂಟ್ ಬೇಡದ್ದು. ಹಗಲೆಲ್ಲ ಮಗ್ಗದ ಮುಂದೆ ನಿಂತವನಿಗೆ ಅಭ್ಯಾಸಕ್ಕೆ ಸಿಗುತ್ತಿದ್ದುದೂ ಆ ನಿಶ್ಶಬ್ದದ ಹೊತ್ತೇ. ಅವನು ಮೂಲೆಯಲ್ಲಿ ಕೂತು ತಂತಿ ಮುಟ್ಟಿದರೆ ಸಾಕು, "ತಡಿಯೋ ಗುರು, ಇಲ್ಲಿ ಇಂಪಾರ್ಟೆಂಟ್ ವಿಷ್ಯ ನಡೀತಿದೆ" ಎಂದು ಈ ಮೂವರು ಅವನನ್ನು ತಡೆಯುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅಣ್ಣ ನಕ್ಕು ಗಿಟಾರನ್ನು ಬದಿಗಿಡುತ್ತಿದ್ದ, ಅದಕ್ಕೂ ಉರಿಯುತ್ತಿತ್ತು.

ಅಪ್ಪ ಗಿಟಾರನ್ನು 'ಆ ಪೆಟ್ಟಿಗೆ' ಎನ್ನುತ್ತಿದ್ದ. ಒಂದು ದಿನ ಅಣ್ಣ, ಬೆಂಗಳೂರಿನ ಆರ್ಕೆಸ್ಟ್ರಾದ ಯಜಮಾನರೊಬ್ಬರು ಭಾನುವಾರ ಕುಂದಾಣದ ಕಡೆ ಮದುವೆಗೆ ಹೋಗುವ ದಾರಿಯಲ್ಲಿ ತನ್ನ ಗಿಟಾರಿನ ಕೈ ನೋಡಲು ಬರುತ್ತಾರೆಂದು ಹೇಳಿದ. ಅಪ್ಪ ಅನ್ನ ಕಲಸುತ್ತಲೇ ತೀರ್ಪು ಕೊಟ್ಟ: "ಬರ್ಲಿ. ಅವ್ರು ಒಪ್ಪಿದ್ರೆ ಹೋಗು, ನಾನ್ ಬೇಡ ಅನ್ನಲ್ಲ. ಒಪ್ಲಿಲ್ವಾ, ಆ ಪೆಟ್ಟಿಗೆ ಅಟ್ಟಕ್ಕೆ, ನೀನು ಮಗ್ಗಕ್ಕೆ. ಆಮೇಲೆ ಅದರ ಮಾತು ಈ ಮನೇಲಿ ಎತ್ಕೂಡ್ದು." ಅಣ್ಣ ಆ ಹೊತ್ತು ಸರಿಯಾಗಿ ಊಟ ಮಾಡಲಿಲ್ಲ.

ನಿತ್ಯ ಕರೆಂಟ್ ಹೋಗುವ ಹೊತ್ತನ್ನೇ ಲೆಕ್ಕ ಹಾಕಿ ಅವರನ್ನು ಕರೆದಿದ್ದೆವು. ಆ ಭಾನುವಾರ ಕರೆಂಟ್ ಹೋಗಲಿಲ್ಲ! ವರ್ಷವಿಡೀ ಶಾಪ ಹಾಕಿಸಿಕೊಂಡ ಕರೆಂಟಿನವರಿಗೆ ಅವತ್ತೇ ನಮ್ಮ ಮೇಲೆ ಪ್ರೀತಿ ಉಕ್ಕಬೇಕೇ? ಬಿಳಿ ಪ್ಯಾಂಟಿನ ಯಜಮಾನರು ಜಗಲಿಯ ಮೇಲೆ ಕೂತರು. ಅಣ್ಣ ನುಡಿಸಿದ. ಬೆರಳು ಆಡುವುದು ಕಾಣುತ್ತಿತ್ತು, ಅಷ್ಟೇ. ಅವರು ಕಿವಿಯನ್ನು ಗಿಟಾರಿನ ಹತ್ತಿರ ತಂದರು, ತಲೆ ಅಲ್ಲಾಡಿಸಿದರು, ಗಡಿಯಾರ ನೋಡಿಕೊಂಡರು. ಆ ಗದ್ದಲದಲ್ಲೂ ಮೂವರು ಗೆಳೆಯರು ಅಣ್ಣ ಯಾರ ಶೈಲಿಯಲ್ಲಿ ನುಡಿಸಬೇಕೆಂದು ಕಿರುಚಾಡುತ್ತಿದ್ದರು.

"ಇನ್ನೊಂದ್ಸಲ ನೋಡೋಣ ಬಿಡಪ್ಪ, ಲೇಟಾಯ್ತು" ಎಂದು ಯಜಮಾನರು ಎದ್ದರು. ಅಣ್ಣನ ಮುಖ ನನಗೆ ನೋಡಲಾಗಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಒಳಗೆ ಹೋದ. ಒಂದೊಂದಾಗಿ ನಮ್ಮ ಮಗ್ಗಗಳು ನಿಂತವು. ಜ್ವರ ಬಂದರೂ ಮಗ್ಗ ನಿಲ್ಲಿಸದ ಮನುಷ್ಯ!

ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಕರೆಂಟ್ ಇದ್ದೂ ಒಂದು ಮನೆಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವೆಂದರೆ ಆ ಮನೆಯಲ್ಲಿ ಯಾರೋ ಹೋದರು ಎಂದೇ ಅರ್ಥ. ಹೆಣ ಎತ್ತುವವರೆಗೆ ಯಾರೂ ಮಗ್ಗ ಆಡಿಸುವುದಿಲ್ಲ. ನಮ್ಮಜ್ಜಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಳು. ಬೀದಿಯವರಿಗೆ ಇನ್ನೇನು ಬೇಕು? ಪಕ್ಕದ ಮನೆಯ ಮಗ್ಗ ನಿಂತಿತು, ಎದುರಿನದು ನಿಂತಿತು, ಬೀದಿಯ ತುದಿಯವರೆಗೂ ಸದ್ದಡಗಿತು. ಅಣ್ಣ ಬೆರಗಿನಿಂದ ಸುತ್ತ ನೋಡಿ, ನುಡಿಸತೊಡಗಿದ. ಯಜಮಾನರು ನಿಧಾನವಾಗಿ ಮತ್ತೆ ಕೂತರು.

ಅಷ್ಟರಲ್ಲಿ ಎದುರುಮನೆ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಬಂದಳು. "ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹೋಗ್ಬಿಟ್ಯೇನೇ ನನ್ನವ್ವಾ!"

ಒಳಗಿನಿಂದ ಅಜ್ಜಿಯ ದನಿ ಕೇಳಿತು. "ಯಾರೇ ಅಳ್ತಿರೋದು? ಯಾರ್ ಹೋದ್ರೇ?"

ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ಅಲ್ಲೇ ಕೂತಳು. ಅವಳ ಹಿಂದೆ ಹೂವಿನ ಹಾರ ಹಿಡಿದವರು, ಚಟ್ಟದ ಬಿದಿರಿಗೆ ಹೇಳಿಕಳಿಸಲೇ ಎಂದು ಕೇಳಬಂದವರು ಎಲ್ಲರೂ ನಿಂತರು. ಹೆಣಕ್ಕೆಂದು ಬಂದ ಜನ ಗಿಟಾರ್ ಕೇಳಿದರು. ಯಾರೂ ಕೆಮ್ಮಲಿಲ್ಲ.

"ಕೈ ಚೆನ್ನಾಗಿದೆ. ಮುಂದಿನ ವಾರದಿಂದ ಬಾ" ಎಂದರು ಯಜಮಾನರು. ದೊಡ್ಡಮ್ಮ ಕಣ್ಣೊರೆಸಿಕೊಂಡು, "ಅತ್ತಿದ್ದೇನೂ ವೇಸ್ಟಾಗ್ಲಿಲ್ಲ ಬಿಡು" ಎಂದಳು. ಅಪ್ಪ ತಲೆ ಹೊರಹಾಕಿ, "ಮುಗೀತಾ?" ಎಂದು ಕೇಳಿ, ಮಗ್ಗ ಹಾಕಲು ಹೋದ. ಮರುದಿನ ಕರೆಂಟ್ ಹೋದಾಗ ಮೂವರೂ ಬಂದು, ಅಣ್ಣ ನುಡಿಸಿದ್ದು ತಾವು ಮೆಚ್ಚಿದವನ ಶೈಲಿಯಲ್ಲೇ ಎಂದು ಒಬ್ಬೊಬ್ಬರೂ ಸಾಧಿಸಿದರು. ಬೇಸತ್ತು ಅಪ್ಪನನ್ನೇ ಕೇಳಿದರು, ನೀವೇ ಹೇಳಿ, ಯಾರು ದೊಡ್ಡವರು?

"ನಂಗೇನ್ ಗೊತ್ತ್ರಪ್ಪ" ಎಂದ ಅಪ್ಪ. "ನಾನು ಕೇಳಿರೋದು ಒಬ್ಬಂದೇ."

ಆಮೇಲೆ ಅಣ್ಣ ಊರಿಗೆ ಬಂದಾಗಲೆಲ್ಲ ಅಪ್ಪ ಒಂದಷ್ಟು ಹೊತ್ತು ಮಗ್ಗ ನಿಲ್ಲಿಸುತ್ತಿದ್ದ. ಎಣ್ಣೆ ಬಿಡಬೇಕು, ಪಟ್ಟಿ ಸಡಿಲವಾಗಿದೆ, ಏನೋ ಒಂದು ನೆಪ. ಅಣ್ಣ ಬಂದನೆಂದು ತಿಳಿದು ಬೀದಿಯವರೂ ತಮ್ಮ ಮಗ್ಗ ನಿಲ್ಲಿಸುತ್ತಿದ್ದರು. ದೊಡ್ಡಮ್ಮ ಎಲೆಯಡಿಕೆ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂರುವಳು. ಅಜ್ಜಿ ಹೋದ ಮೇಲೂ ಇದು ನಡೆಯಿತು.

ಕೆಲವು ವರ್ಷಗಳ ನಂತರ ಒಂದು ಬೆಳಗ್ಗೆ ಅಪ್ಪ ಮಗ್ಗದ ಪಕ್ಕದಲ್ಲೇ ಕುಸಿದುಬಿದ್ದ. ನೀರು ಬಾಯಿಗೆ ಬಿಡುವಷ್ಟೂ ಸಮಯ ಸಿಗಲಿಲ್ಲ. ಅಣ್ಣ ಬೆಂಗಳೂರಿನಲ್ಲಿದ್ದ. ಮಗ್ಗಗಳು ತಮ್ಮ ಪಾಡಿಗೆ ಆಡುತ್ತಲೇ ಇದ್ದವು. ಅಮ್ಮ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಗ್ಗಗಳನ್ನು ನಾನೇ ನಿಲ್ಲಿಸಿದೆ. ಕರೆಂಟ್ ಇತ್ತು, ಸದ್ದಿರಲಿಲ್ಲ. ಆ ಹಳೆಯ ಟೇಪ್ ರೆಕಾರ್ಡರ್ ಗೋಡೆಯ ಗೂಡಿನಲ್ಲೇ ಇತ್ತು, ಈಗ ಹಾಕಿದ್ದರೆ ಕೇಳಿಸುತ್ತಿತ್ತು.

ಬಾಗಿಲಿಗೆ ಬಂದೆ. ದೊಡ್ಡಮ್ಮ ಆಗಲೇ ಬೀದಿ ದಾಟಿ ಬರುತ್ತಿದ್ದಳು. ಬಾಯಲ್ಲಿ ಎಲೆಯಡಿಕೆ, ಮುಖದ ತುಂಬ ನಗು.

"ಏನೇ, ನಿಮ್ಮಣ್ಣ ಬಂದವ್ನಾ? ಶುರು ಮಾಡ್ಬಿಟ್ನಾ?"

ನಾನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ.