ಪುಕ್ಕಟೆ ಚೀಟಿ

ನಮ್ಮಾಕಿ ಇವತ್ತು ಬೆಳಿಗ್ಗೆ ಟ್ರಂಕು ತೆಗೆದಳು. ಯಾರದೋ ಮದುವೆಗೆ ಉಡಲಿಕ್ಕೆ ರೇಷ್ಮೆ ಸೀರೆ ಬೇಕಂತೆ. ಡಾಂಬರು ಗುಳಿಗೆಯ ವಾಸನೆ ಮನೆ ತುಂಬ ಹರಡಿತು ನೋಡ್ರಿ, ನಾನು ಎದ್ದು ಹೊರಗೆ ಕಟ್ಟೆಗೆ ಬಂದು ಕೂತೆ. "ಏನಾತ್ರಿ?" ಅಂದಳು. "ತಲಿ ನೋಯ್ತೈತಿ" ಅಂದೆ. ಸುಳ್ಳು. ಆ ವಾಸನೆ ಬಂದರೆ ನನಗೆ ಒಂದು ಮಗು ಉಸಿರೆಳೆಯುವ ಸದ್ದು ಕೇಳಿಸುತ್ತದೆ. ಐವತ್ತು ವರ್ಷ ದಾಟಿದರೂ ಕೇಳಿಸುತ್ತದೆ.

ಆಗ ನಾನು ಆದೋನಿಯ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಗುಮಾಸ್ತ. ಆಂಧ್ರ ರಾಜ್ಯ ಆದ ಹೊಸತು, ಫಾರಮುಗಳು ಇನ್ನೂ ಮದರಾಸಿನವೇ. ತಲೆಗೆ ಎಣ್ಣೆ, ಜೇಬಿಗೆ ಪೆನ್ನು, ಡಾಕ್ಟರಿಗೂ ಇಲ್ಲದ ಗತ್ತು ನನಗೆ. ಹಳ್ಳಿಯವರು "ಸ್ವಾಮೀ" ಅಂದರೆ ಸಾಕು, ಉಬ್ಬಿಹೋಗುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರಬೇಕು. ಬರುವುದಿಲ್ಲ.

ನಮ್ಮಲ್ಲಿ ಪದ್ಧತಿ ಹೀಗಿತ್ತು. ಬಡವರಿಗೆ ಮದ್ದು ಪುಕ್ಕಟೆ, ಆದರೆ ಇವರು ಬಡವರು ಅಂತ ಊರ ಕರಣಂ, ಅಂದರೆ ಶಾನುಭೋಗ, ಬರೆದುಕೊಡಬೇಕು. ಆ ಕಾಗದ ಇಲ್ಲದಿದ್ದರೆ ಕಿಟಕಿಯಲ್ಲಿ ಕೂತವನು ಕಣ್ಣಿಂದ ನೋಡಿ ತೀರ್ಮಾನ ಮಾಡಬೇಕು. ಕೂತವನು ಅಂದರೆ ಯಾರು? ನಾನೇ! ಅಂಗಿ ನೋಡುತ್ತಿದ್ದೆ, ಕಿವಿ ನೋಡುತ್ತಿದ್ದೆ, ಕೊರಳು ನೋಡುತ್ತಿದ್ದೆ. ಸರ್ಕಾರದ ಮದ್ದು ಉಳ್ಳವರ ಪಾಲಾಗಬಾರದು ಅಂತ ನಿಷ್ಠೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಅಂತ ಕಾಂಪೌಂಡರನ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಹೊತ್ತೇರುವ ಹೊತ್ತಿಗೆ ಕಿಟಕಿಯ ಮುಂದೆ ಒಬ್ಬಾಕಿ ಬಂದು ನಿಂತಳು. ಜರಿ ಅಂಚಿನ ಸೀರೆ, ಅದರಿಂದ ಗಪ್ಪಂತ ಡಾಂಬರು ಗುಳಿಗೆಯ ವಾಸನೆ. ಕೊರಳಲ್ಲಿ ಬಂಗಾರದ ಗುಂಡಿನ ಸರ, ಮೂಗಲ್ಲಿ ಕೆಂಪು ಹರಳಿನ ಮೂಗುಬಟ್ಟು. ಹೆಗಲ ಮೇಲೆ ಏಳೆಂಟು ವರ್ಷದ ಹುಡುಗಿ.

"ಯಾವೂರು?"

"ಪೆದ್ದಹರಿವಾಣಂ ರೀ. ಹುಡುಗಿಗೆ ಗಂಟ್ಲು ಕಟ್ಟೈತಿ. ನೀರೂ ಇಳೀವಲ್ದು."

"ಏನು ಮಾಡ್ತೀರಿ?"

"ಕುರಿ ಕಾಯ್ತೀವ್ರಿ. ನಮ್ಮೋವಲ್ಲ, ಸಾಹುಕಾರ್ರವು."

"ಕರಣಂ ಕಾಗದ ಎಲ್ಲಿ?"

ಅಂಥ ಕಾಗದ ಬೇಕು ಅಂತಲೇ ಆಕೆಗೆ ಗೊತ್ತಿರಲಿಲ್ಲ. ನಾನು ಪೆನ್ನು ಕೆಳಗಿಟ್ಟು ಕೊರಳ ಕಡೆ ನೋಡಿದೆ. ಆಕೆಗೆ ಅರ್ಥವಾಯಿತು. ಹಿಂದೆ ನಿಂತವರಿಗೆ ಕೇಳಿಸಬಾರದು ಅಂತ ಬಗ್ಗಿ, ಕಿಟಕಿಗೆ ಬಾಯಿ ಹಚ್ಚಿ ಹೇಳಿದಳು: "ನನ್ನೋವಲ್ರಿ. ಪಟ್ಣಕ್ಕೆ ಬೋಳು ಕೊಳ್ಳಾಗ ಹೋದ್ರ ಮರ್ಯಾದಿ ಇರಲ್ಲ ಅಂತ ಓಣಿಯವ್ರು ತಲಿಗೊಂದು ಕೊಟ್ಟು ಕಳ್ಸ್ಯಾರ. ಚೆಂದ ಕಂಡ್ರ ಡಾಕ್ಟ್ರು ಚೆಂದಾಗಿ ನೋಡ್ತಾರಂತ."

ನಾನೇನು ಮಾಡಿದೆ ಗೊತ್ತೇನು? ಆಕೆ ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ತಿರುಗಿಸಿ ಕೇಳಿದೆ. "ಎರವಲಾ? ಎಲ್ಲಾರೂ ಇದನ್ನೇ ಹೇಳ್ತಾರ!" ಸಾಲು ಗೊಳ್ಳೆಂದಿತು. ಆಕೆಯ ಮುಖ ಕಪ್ಪಿಟ್ಟಿತು. "ಕಾಗದ ತಗೊಂಡು ಬಾ" ಅಂತ ಹೇಳಿ ಪಕ್ಕಕ್ಕೆ ಕೈ ತೋರಿಸಿದೆ.

ಆಕೆ ಪಕ್ಕಕ್ಕೆ ಸರಿದಳು, ಹೋಗಲಿಲ್ಲ. ಎತ್ತಿನ ಬಂಡಿಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ನಾನು ಚೀಟಿ ಬರೆಯುತ್ತಲೇ ಇದ್ದೆ. ಹುಡುಗಿಯ ಗಂಟಲಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಎಳೆದಳು, ನಿಂತಿತು, ಮತ್ತೆ ಎಳೆದಳು. ಕೇಳಿಸುತ್ತಿತ್ತು ನನಗೆ. ತಲೆ ಎತ್ತಿದರೆ ಸೋತಂತೆ ಅಂತ ತಲೆ ಎತ್ತಲಿಲ್ಲ.

ಅರ್ಧ ತಾಸಾಗಿರಬೇಕು. ಆಕೆ ಮತ್ತೆ ಕಿಟಕಿಗೆ ಬಂದು ಮೂಗುಬಟ್ಟು ಬಿಚ್ಚತೊಡಗಿದಳು. ಒಂದೇ ಕೈಗೆ ತಿರುಪು ಬಿಡುತ್ತಿರಲಿಲ್ಲ. "ಇವೇ ಇಟ್ಕೋರಿ ಸ್ವಾಮಿ. ಓಣಿಯವ್ರ ಕೈಲಿ ಬೈಸ್ಕೊಂತೀನಿ. ಮದ್ದು ಕೊಡ್ರಿ."

ವರಾಂಡ ಗುಡಿಸುತ್ತಿದ್ದ ಆಯಾ ಖಾಸೀಂಬಿ ಆಗ ಕಸಬರಿಗೆ ಬಿಸಾಕಿ ಬಂದಳು. ಹುಡುಗಿಯನ್ನು ತಾಯಿಯ ಹೆಗಲಿಂದ ಕಸಿದುಕೊಂಡು ಡಾಕ್ಟರ ಕೋಣೆಗೆ ಓಡಿದಳು. ಓಡುತ್ತಲೇ ನನಗೆ ಬೈದಳು: "ಕ್ಯಾ ಬಾಬೂ, ಕೊಳ್ಳಾಗಿನ ಬಂಗಾರ ಕಾಣ್ತೈತಿ, ಕೊಳ್ಳಾಗಿನ ಉಸಿರು ಕೇಳವಲ್ದೇನು?"

ಅದು ಗಂಟಲಮಾರಿ, ಡಿಫ್ತೀರಿಯಾ. ಸೂಜಿಮದ್ದು ಕೊಟ್ಟರು, ಹುಡುಗಿ ಉಳಿಯಿತು. "ಇನ್ನೊಂದು ಸ್ವಲ್ಪ ತಡ ಆಗಿದ್ರ ಕೈ ಬಿಡ್ತಿತ್ತು" ಅಂದರು ಡಾಕ್ಟರು. ತಡ ಎಲ್ಲಾಯಿತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ವಾರ ಬಿಟ್ಟು ಒಬ್ಬ ಹೆಂಗಸು ಕಿಟಕಿಗೆ ಬಂದಳು. ನೂರು ಕಡೆ ಹರಿದ ಸೀರೆ, ಎಣ್ಣೆ ಕಾಣದ ತಲೆ, ಬರಿಗೊರಳು. ಗುರುತು ಸಿಗಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಮೂಗಿನಲ್ಲಿ ಏನೋ ಮಾತಾಡಿತು. ಆ ಬೇನೆ ಬಂದು ಹೋದ ಮೇಲೆ ಕೆಲ ಮಕ್ಕಳ ದನಿ ಹಾಗಾಗುತ್ತದೆ. ಆಗ ಗುರುತು ಹತ್ತಿತು, ಅದೇ ತಾಯಿ, ಅದೇ ಹುಡುಗಿ.

"ಡಾಕ್ಟ್ರು ತಿರುಗಿ ತೋರ್ಸು ಅಂದಿದ್ರು" ಅಂದಳು. ಆಮೇಲೆ ಸೆರಗು ಮುಂದೆ ಹಿಡಿದು ತೋರಿಸಿದಳು. "ನನ್ ಸೀರಿ ಇಷ್ಟು ಹರಿದಿಲ್ರಿ. ಓಣ್ಯಾಗ ಒಬ್ಬಾಕಿ ಹತ್ರ ಇದನ್ನ ಕೇಳಿ ಉಟ್ಕೊಂಡು ಬಂದೀನಿ. ಇವತ್ತರ ಬಡವ್ರ ಹಂಗ ಕಾಣ್ತೀವಿಲ್ರಿ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳಿದಳು. ನಾನು ಒಪ್ಪಬೇಕಲ್ಲ, ಅದಕ್ಕೆ.

ಈಗ ನಮ್ಮ ಕಟ್ಟೆಯ ಗೆಳೆಯರು ದಿನಾ ವಾದ ಮಾಡುತ್ತಾರೆ. ಸರ್ಕಾರ ಎಲ್ಲರಿಗೂ ಯಾಕೆ ಪುಕ್ಕಟೆ ನೋಡಬೇಕು, ನಿಜವಾದ ಬಡವರನ್ನು ಆರಿಸಿ ಕೊಡಲಿ ಅನ್ನುತ್ತಾರೆ. ಇಷ್ಟು ವರ್ಷ ಹೂಂ ಅಂದುಕೊಂಡು ಕೂತಿದ್ದೆ. ಇವತ್ತು ತಡೆಯಲಿಲ್ಲ. "ಆರಿಸೋರು ಯಾರು? ನನ್ನಂಥೋರಾ?" ಅಂದುಬಿಟ್ಟೆ. ಯಾರಿಗೂ ತಲೆಬುಡ ತಿಳಿಯಲಿಲ್ಲ.

ಎದ್ದು ಒಳಗೆ ಹೋಗಿ ನಮ್ಮಾಕಿಗೆ ಎಲ್ಲ ಹೇಳಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಇದೇ ಮೊದಲು. ಕೊನೆಗೆ, "ಆಕಿಗೆ ನೀವೇನಂದ್ರಿ?" ಅಂತ ಕೇಳಿದಳು.

"ಏನೂ ಅನ್ಲಿಲ್ಲ. ಚೀಟಿ ಬರಕೊಟ್ಟೆ."

"ತಪ್ಪಾತವ್ವಾ ಅಂತನೂ ಅನ್ಲಿಲ್ಲ?"

"ಹಿಂದ ಸಾಲು ಬಾಳ ಉದ್ದ ಇತ್ತು."

"ಅಷ್ಟು ಅನ್ನಾಕ ಎಷ್ಟೊತ್ತು ಬೇಕಾಗಿತ್ರೀ?" ಅಂದಳು.