ಸೂಜಿಗೆ ಸಿಗದ ಮುಳ್ಳು

ಆಂಬುಲೆನ್ಸಿನ ನರ್ಸಿಗೆ ಜನ ಇಟ್ಟ ಹೆಸರು ಮುಟ್ಬೇಡಿ ಅಕ್ಕ. ಗಾಡಿಯಿಂದ ಕಾಲು ಕೆಳಗಿಡುವ ಮೊದಲೇ ಅವಳ ಬಾಯಿಂದ ಬರುವ ಮಾತು ಅದು. ಸುಮ್ಮನೆ ಅಲ್ಲ. ಚುಚ್ಚಿಕೊಂಡ ಮುಳ್ಳು ಕಂಡರೆ ಸಾಕು, ಎಲ್ಲರ ಕೈಯೂ ತುರಿಸುತ್ತದೆ. ಕೀಳಲು ಬಾರದವನು ಸಲಹೆಯನ್ನಾದರೂ ಕೊಟ್ಟೇ ಕೊಡುತ್ತಾನೆ.

ಅವತ್ತು ತೋಟದ ಮಾಲಿ ಖರ್ಜೂರದ ಮರ ಸವರುವಾಗ ಏಣಿ ಜಾರಿ, ಕತ್ತರಿಸಿಟ್ಟ ಗರಿಗಳ ಮೇಲೆ ಮುಖ ಕೆಳಗಾಗಿ ಬಿದ್ದಿದ್ದ. ಗರಿಯ ಬುಡದ ಮುಳ್ಳೊಂದು ಮುರಿದು ಬಲಗಣ್ಣಿನಲ್ಲಿ ನಿಂತಿತ್ತು. ತೋಟದ ಪಕ್ಕದಲ್ಲೇ ಅವನ ಮನೆ. ಅಕ್ಕ ಓಡಿ ಬಂದಾಗ ಹೆಂಡತಿ ಅವನ ತಲೆಯ ಬಳಿ ಸೂಜಿ ಹಿಡಿದು ಕೂತಿದ್ದಳು. ದರ್ಜಿ ಕೆಲಸದವಳು. ಮದುವೆಯಾದಾಗಿನಿಂದ ಗಂಡನ ಬೆರಳಿನ ಮುಳ್ಳುಗಳನ್ನು ಸಂಜೆ ಕೂತು ತೆಗೆದವಳು. ಅವಳ ಸೂಜಿಯಿಂದ ತಪ್ಪಿಸಿಕೊಂಡ ಮುಳ್ಳಿಲ್ಲ ಎಂದು ಗಂಡ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

“ಮುಟ್ಬೇಡಿ.”

“ನನ್ನ ಕೈ ನಡುಗಲ್ಲಮ್ಮ” ಎಂದಳು ದರ್ಜಿ.

“ನಿಮ್ಮ ಕೈ ಮೇಲೆ ಅನುಮಾನ ಇಲ್ಲ. ಆದ್ರೆ ಇದು ಬೆರಳಲ್ಲ. ಈಗ ಕಿತ್ರೆ ಕಣ್ಣೊಳಗಿರೋದೂ ಜೊತೆಗೇ ಆಚೆ ಬರುತ್ತೆ. ಆಪರೇಷನ್ ಮಾಡೋರೇ ತೆಗೀಬೇಕು.”

ಅಕ್ಕ ಕಾಗದದ ಲೋಟವೊಂದನ್ನು ಮುಳ್ಳಿಗೆ ತಾಗದಂತೆ ಕಣ್ಣಿನ ಮೇಲೆ ಬೋರಲು ಹಾಕಿ ಅಂಟುಪಟ್ಟಿ ಹಚ್ಚಿದಳು. ಆಮೇಲೆ ಒಳ್ಳೆಯ ಕಣ್ಣಿಗೂ ಪಟ್ಟಿ ಕಟ್ಟಿದಳು.

“ಅದಕ್ಯಾಕಮ್ಮ?”

“ಒಂದು ಕಣ್ಣು ಹೊರಳಿದ್ರೆ ಇನ್ನೊಂದೂ ಹೊರಳುತ್ತೆ.”

ಕತ್ತಲಾದದ್ದೇ ತಡ, ಮಾಲಿ ಗಾಬರಿಯಿಂದ ತಲೆ ಎತ್ತಹೋದ. ಅಕ್ಕನ ಬುದ್ಧಿ ನಿಂತ ನಿಲುವಿನಲ್ಲೇ ಓಡುವಂಥದ್ದು. ಸೂಜಿ ಈಸಿಕೊಂಡು ಬದಿಗಿಟ್ಟಳು, ದರ್ಜಿಯ ಎರಡೂ ಅಂಗೈಗಳನ್ನು ಗಂಡನ ತಲೆಯ ಎರಡು ಬದಿಗೆ ಒತ್ತಿ ಇಟ್ಟಳು.

“ಈ ತಲೆ ಇನ್ಮೇಲೆ ನಿಮ್ಮ ಜವಾಬ್ದಾರಿ. ಅಲುಗಾಡದ ಹಾಗೆ ಹಿಡ್ಕೊಂಡು ಮಾತಾಡ್ತಾ ಇರಿ.”

“ಏನ್ ಮಾತಾಡ್ಲಿ?”

“ದಿನಾ ಏನ್ ಮಾತಾಡ್ತೀರೋ ಅದೇ.”

ಆಸ್ಪತ್ರೆಯವರೆಗೂ ದರ್ಜಿ ಬೈದಳು. ಏಣಿ ಕಟ್ಟಲಿಲ್ಲ, ಕನ್ನಡಕ ಹಾಕಲಿಲ್ಲ, ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಪರಿಚಯದ ಬೈಗುಳ ಕಿವಿಗೆ ಬಿದ್ದದ್ದೇ ಮಾಲಿ ತೆಪ್ಪಗೆ ಮಲಗಿಬಿಟ್ಟ. ದರ್ಜಿಯ ಅಂಗೈಗಳು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಆ ಕೈಗಳಿಗೆ ಕೆಲಸ ಕೊಟ್ಟ ಅಕ್ಕನನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಕಣ್ಣಿನ ಡಾಕ್ಟರು ಮುಳ್ಳು ತೆಗೆದರು. ದೃಷ್ಟಿ ಉಳಿದಿದೆಯೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗುವುದು ಎಂದರು. ಮರುದಿನ ಬೆಳಿಗ್ಗೆ ಡ್ಯೂಟಿ ಮುಗಿಸಿದ ಅಕ್ಕ ಮನೆಗೆ ಹೋಗದೆ ವಾರ್ಡಿಗೆ ಬಂದು ನಿಂತಳು. ಡಾಕ್ಟರು ಪಟ್ಟಿ ಬಿಚ್ಚಿ, ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿದರು.

ಮಾಲಿ ಬಲಗಣ್ಣನ್ನು ಕಿರಿದಾಗಿಸಿ ಹೆಂಡತಿಯ ಕಡೆ ತುಂಬ ಹೊತ್ತು ನೋಡಿದ.

“ರಾತ್ರಿಯೆಲ್ಲ ಅತ್ತಿದೀಯೇನೇ? ಮುಖ ಊದಿದೆಯಲ್ಲ.”

“ಕಾಣ್ಸುತ್ತೇನ್ರೀ?” ಎಂದು ಕೇಳಿದವಳು ಉತ್ತರಕ್ಕೂ ಕಾಯದೆ, ಇಡೀ ವಾರ್ಡಿಗೆ ಕೇಳುವಂತೆ ಅತ್ತಳು.