ಕಪ್ಪು ಬಣ್ಣ ಬೀಳುವ ಮೊದಲು

ಕುಂಬ್ರ ಪೇಟೆಯ ಅಂಗಡಿಗಳು ಇನ್ನೂ ಶಟರ್ ಎತ್ತಿಲ್ಲ. ರಸ್ತೆಯಂಚಿನ ತಗಡಿನ ಶೆಡ್ಡಿನಲ್ಲಿ ಮಾತ್ರ ಬೆಳಕು. ಒಳಗೆ ಹಳೆಯ ಓಮ್ನಿ ವ್ಯಾನೊಂದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಅದರಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಟಣ್, ಟಣ್, ಟಣ್. ಆಮೇಲೆ ಒದ್ದೆ ರಟ್ಟಿಗೆ ಹೊಡೆದಂಥ ಸದ್ದು. ಸುತ್ತಿಗೆ ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗೆರೆಯೊಂದು ಬೀಳುತ್ತದೆ.

ಕಾಲುಗಳು ಉಸ್ಮಾನ್ ಅವರವು. ಅರುವತ್ತರ ಹತ್ತಿರದ ವಯಸ್ಸು. ಹಳೆಯ ಕಾರುಗಳ ಹೊಟ್ಟೆಯಡಿ ತುಕ್ಕು ತಿಂದ ನೆಲ, ಅದನ್ನು ಹೊರುವ ಕಂಬಿ, ಮೂಲೆಗಳನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯುವುದು ಅವರ ಕಸುಬು. ಈಗಿನ ಹೆಚ್ಚಿನ ಗ್ಯಾರೇಜುಗಳಿಗೆ ಈ ಕೆಲಸ ಬೇಡ. ಹಾಗಾಗಿ ಕಡಬದಿಂದ, ಸುಳ್ಯದಿಂದ, ಬೆಟ್ಟಂಪಾಡಿಯಿಂದ ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳು ಕುಂಟಿಕೊಂಡು ಇಲ್ಲಿಗೆ ಬರುತ್ತವೆ. ತಿಂಗಳಿಗೆ ಮೂರೋ ನಾಲ್ಕೋ. ಅವಸರದವರನ್ನು ಉಸ್ಮಾನ್ ಚಾ ಕುಡಿಸಿ ವಾಪಸು ಕಳಿಸುತ್ತಾರೆ.

ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ವೆಲ್ಡಿಂಗ್ ಕಲಿತವರು, ಆಮೇಲೆ ಕೆಲವು ವರ್ಷ ಅಲ್ ಐನ್‌ನಲ್ಲಿದ್ದರು. ಕೊಲ್ಲಿ ನಾಡಿನ ಮರಳುಗಾಡಿನ ಒಣ ಊರು. "ಅಲ್ಲಿ ಗಾಡಿಗೆ ಪೆಟ್ಟು ಬೀಳುದು ಮಾತ್ರ, ತುಕ್ಕು ಇಲ್ಲ. ಬೇಜಾರು ಬಂದೋಯ್ತು ಮಾರಾಯ್ರೆ" ಎನ್ನುತ್ತಾರೆ. ಮಂಡಿ ಈಗ ಮಡಚುವಾಗ ಸದ್ದು ಮಾಡುತ್ತದೆ. ಕಿಡಿ ಹಾರಿ ಅಂಗಿಗಳೆಲ್ಲ ಜಾಲರಿಯಾಗಿವೆ. ಮದುವೆಮನೆಗೆ ಹೋಗಲೊಂದು ಅಂಗಿಯನ್ನು ಹೆಂಡತಿ ಕದೀಜಮ್ಮ ಬೀಗ ಹಾಕಿ ಇಟ್ಟಿದ್ದಾರೆ.

ಓಮ್ನಿ ಸೇವಂತಿ ಅವರದು. ಸುಳ್ಯದಾಚೆಯ ಹಳ್ಳಿಯಲ್ಲಿ ಅವರ ಗಿಡಗಳ ನರ್ಸರಿ. ಕರಿಮೆಣಸಿನ ಬಳ್ಳಿ, ಕಸಿ ಮಾವು, ಹೂವಿನ ಗಿಡಗಳನ್ನು ತುಂಬಿಸಿ ಪುತ್ತೂರು ಸಂತೆಗೆ, ಕಡಬಕ್ಕೆ ಸ್ವತಃ ಓಡಿಸಿಕೊಂಡು ಹೋಗುತ್ತಾರೆ. ಗಿಡದ ಪ್ಲಾಸ್ಟಿಕ್ ತೊಟ್ಟೆಗಳಿಂದ ಸೋರಿದ ಗೊಬ್ಬರದ ನೀರು ವರ್ಷಗಟ್ಟಲೆ ಮ್ಯಾಟಿನಡಿ ನಿಂತು ನೆಲವನ್ನು ತಿಂದಿದೆ. ನಿನ್ನೆ ಮ್ಯಾಟ್ ಎತ್ತಿದಾಗ ಮೂಲೆಯಲ್ಲಿ ಒಂದು ಹರಿವೆ ಸೊಪ್ಪಿನ ಗಿಡ ಮೊಳೆತಿತ್ತಂತೆ. ಗಾಡಿಯೊಳಗೂ ಕೃಷಿ ಉಂಟಾ ಎಂದು ಉಸ್ಮಾನ್ ಕೆಣಕಿದ್ದರು. ಅದು ಮಾರಲಿಕ್ಕೆ ಇಟ್ಟದ್ದು, ಕೀಳಬೇಡಿ ಎಂದು ಸೇವಂತಿ ತಿರುಗೇಟು ಕೊಟ್ಟಿದ್ದರು.

ಇವತ್ತು ಅವರು ನಗುತ್ತಿಲ್ಲ. ಮೊದಲ ಬಸ್ಸಿಗೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ. ಮಳೆ ಹಿಡಿಯುವ ಈ ವಾರಗಳೇ ಗಿಡ ಮಾರುವ ಕಾಲ. ಗಾಡಿ ಗುಜರಿಗೆ ಹೋದರೆ ವರ್ಷವಿಡೀ ಬೆಳೆಸಿದ್ದು ತೊಟ್ಟೆಯಲ್ಲೇ ಬಲಿಯುತ್ತದೆ. ಬೇರೆ ಗ್ಯಾರೇಜಿನವರು ಗುಜರಿಗೇ ಹಾಕಿ ಎಂದಿದ್ದಾರೆ. ಮೇಲಿಂದ ಒಂದು ತಗಡು ಹೊಡೆದು ಕೊಡಿ, ಈ ಮಳೆಗಾಲ ದಾಟಿದರೆ ಸಾಕು ಎಂದು ಸೇವಂತಿ ಕೇಳಿಕೊಳ್ಳುತ್ತಾರೆ.

ಉಸ್ಮಾನ್ ಹೊರಗೆ ಜಾರಿ ಬಂದು ಕೂರುತ್ತಾರೆ. "ನೆಲ ಹೋಗಿದ್ರೆ ಹೊಸದು ಹಾಕುವ. ಕಂಬಿ ಹೋಗಿದ್ರೆ ಕಂಬಿ ಕಟ್ಟುವ. ಹಿಂದಿನ ಸ್ಪ್ರಿಂಗ್ ಕೂರುವ ಮೂಲೆಯೇ ತುಕ್ಕು ತಿಂದು ಹೋಗಿದ್ರೆ ನಾನು ಕೈ ಹಾಕುದಿಲ್ಲ ಅಕ್ಕ. ಇಳಿಜಾರಲ್ಲಿ ಚಕ್ರ ಬಿಟ್ಟುಹೋದ್ರೆ ಒಳಗೆ ಇರುದು ನೀವು."

"ಹೋಗಿದೆಯಾ?"

"ಕತ್ತರಿಸದೆ ಹೇಗೆ ಹೇಳುದು?"

ಬ್ಯಾಟರಿಯ ವಯರು ಬಿಚ್ಚಿದೆ, ಪೆಟ್ರೋಲ್ ಟ್ಯಾಂಕು ಇಳಿದಿದೆ. ಕತ್ತರಿಸಿದಾಗ ಬಾಡಿ ಕುಸಿಯದಂತೆ ಬಾಗಿಲ ಸಂದಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದಿದ್ದಾರೆ. ಗ್ರೈಂಡರ್ ಕಿರುಚುತ್ತದೆ. ಯಾರೋ ಹಿಂದೊಮ್ಮೆ ಮೆತ್ತಿದ ಪುಟ್ಟಿ, ಅದರ ಮೇಲೆ ಬಳಿದ ಡಾಂಬರು ಹೆಕ್ಕಳೆಯಾಗಿ ಉದುರುತ್ತವೆ. ಕಂಬಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಉಸ್ಮಾನ್ ಹಿಂದಕ್ಕೆ, ಇನ್ನೂ ಹಿಂದಕ್ಕೆ ಕತ್ತರಿಸುತ್ತ ಹೋಗುತ್ತಾರೆ. ಸೇವಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

ಮೂಲೆಯ ಹತ್ತಿರ ಗ್ರೈಂಡರಿನ ಸ್ವರ ಬದಲಾಗುತ್ತದೆ. ಕಂದು ಪುಡಿ ನಿಂತು ಬಿಳಿ ಕಿಡಿ ಹಾರುತ್ತದೆ. ಉಸ್ಮಾನ್ ಯಂತ್ರ ಆರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಆಚೆ ಬದಿಗೂ ಹೋಗಿ ಕೆರೆದು ತಟ್ಟುತ್ತಾರೆ.

"ಮೂಲೆ ಗಟ್ಟಿ ಉಂಟು. ಎರಡೂ."

ಸೇವಂತಿ ಅಲ್ಲೇ ಇದ್ದ ಹಳೆ ಟಯರಿನ ಮೇಲೆ ಕುಳಿತುಬಿಡುತ್ತಾರೆ.

ಮರುದಿನ ಸಂಜೆಗೆ ಬೆಸುಗೆ ಮುಗಿಯುತ್ತದೆ. ಸಾಲಾಗಿ, ಒತ್ತಾಗಿ, ತಿಕ್ಕಿ ಹೊಳೆಸಿದ ಗೆರೆಗಳು. ನೆಲದಲ್ಲಿ ನೀರು ಇಳಿದುಹೋಗಲು ತೂತುಗಳೂ ಆಗಿವೆ. ಇನ್ನು ಗಾಡಿಯ ಅಡಿಭಾಗಕ್ಕೆ ತುಕ್ಕು ತಡೆಯುವ ಕಪ್ಪು ಬಣ್ಣ ಬಳಿಯುವುದಷ್ಟೇ. ಅದಕ್ಕೆ ಮೊದಲು ಪ್ರತಿ ಗಾಡಿಯ ಯಜಮಾನರನ್ನೂ ಉಸ್ಮಾನ್ ಕೆಳಗೆ ಕರೆಯುತ್ತಾರೆ. ಹೆಚ್ಚಿನವರು ಬಟ್ಟೆ ಕೊಳೆಯಾಗುತ್ತದೆಂದು ಹಿಂದೆ ಸರಿಯುತ್ತಾರೆ. ಸೇವಂತಿಗಾಗಿ ಉಸ್ಮಾನ್ ಗೋಣಿ ಹಾಸುತ್ತಾರೆ.

"ಇದು ನೋಡಿ ನನಗೆಂತ ಗೊತ್ತಾಗ್ತದೆ ಉಸ್ಮಾನಾಕ?"

"ಗೊತ್ತಾಗುದು ಬೇಡ. ಬಣ್ಣ ಬಿದ್ದ ಮೇಲೆ ಯಾರೂ ನೋಡ್ಲಿಕ್ಕಿಲ್ಲ. ನಾನು ಸಹ. ಒಮ್ಮೆ ಒಬ್ಬರು ನೋಡಿದ್ರೆ ನನಗೊಂದು ಸಮಾಧಾನ."

ಸೇವಂತಿ ಸೆರಗು ಬಿಗಿದು ಗೋಣಿಯ ಮೇಲೆ ಮಲಗಿ ಒಳಗೆ ಸರಿಯುತ್ತಾರೆ. ಬೆಸುಗೆಯ ಗೆರೆಯ ಮೇಲೆ ಬೆರಳು ಇಟ್ಟು, ಅದು ಹೋದಲ್ಲಿಗೆಲ್ಲ ಬೆರಳನ್ನು ಒಯ್ಯುತ್ತಾರೆ. ಉಸ್ಮಾನ್ ಬಣ್ಣದ ಡಬ್ಬಿ ತೆರೆದು ಬ್ರಶ್ ಹಿಡಿದು ಕಾಯುತ್ತಾರೆ.

"ಆಚೆ ಬದಿಯದ್ದನ್ನೂ ತೋರಿಸಿ" ಎನ್ನುತ್ತದೆ ಓಮ್ನಿಯಡಿಯ ದನಿ.

ಉಸ್ಮಾನ್ ಡಬ್ಬಿಯ ಮುಚ್ಚಳ ಮತ್ತೆ ಹಾಕುತ್ತಾರೆ. ಲೈಟು ಎತ್ತಿಕೊಂಡು, ಮಂಡಿ ಊರಿ, ಆ ಬದಿಯಿಂದ ಒಳಗೆ ತೂರುತ್ತಾರೆ.